ಕಣ್ಣಿಗೆ ಕಟ್ಟಿದ ಬಟ್ಟೆ

ಪ್ರತಿ ವರ್ಷವೂ ವೈರಮುಡಿ ಉತ್ಸವದ ದಿನ ಮಂಡ್ಯದ ಜಿಲ್ಲಾ ಖಜಾನೆಯಿಂದ ಹೊರಟು, ದಾರಿಯುದ್ದಕ್ಕೂ ಊರೂರಿನವರ ಆರತಿ ಹಣ್ಣುಕಾಯಿಗಳನ್ನು ಸ್ವೀಕರಿಸುತ್ತ ಮೇಲುಕೋಟೆಯನ್ನು ಸೇರುವ ಆಭರಣದ ಪೆಟ್ಟಿಗೆಯನ್ನು ಕಂಡು ಕೈಮುಗಿದವರು ಅಸಂಖ್ಯಾತ ಮಂದಿ. ಆದರೆ ಅದರೊಳಗಿನ ಕಿರೀಟವನ್ನು ಚೆಲುವನಾರಾಯಣಸ್ವಾಮಿಯ ಉತ್ಸವಮೂರ್ತಿಗೆ ತೊಡಿಸುವ ಅರ್ಚಕರು ಮಾತ್ರ, ಪರಂಪರೆಯ ಪ್ರಕಾರ, ಆ ಗಳಿಗೆಯಲ್ಲಿ ತಮ್ಮ ಕಣ್ಣಿಗೆ ರೇಷ್ಮೆಯ ವಸ್ತ್ರವನ್ನು ಕಟ್ಟಿಕೊಂಡಿರುತ್ತಾರೆ. ಹಗಲಿನ ಬೆಳಕು ಆ ಕಿರೀಟದ ಮೇಲೆ ಬೀಳಬಾರದು; ಸ್ವಾಮಿಯ ಶಿರಸ್ಸಿನಲ್ಲಿ ಅದು ನೆಲೆಗೊಳ್ಳುವ ಮುನ್ನ ಮನುಷ್ಯನ ದೃಷ್ಟಿಯೂ ಬೀಳಬಾರದು. ಅನಂತರ ಗರುಡವಾಹನದ ಮೇಲೆ ಬಿಜಯಂಗೈಯುವ ಸ್ವಾಮಿಯನ್ನು ರಾತ್ರಿಯೆಲ್ಲ ಲೋಕವೇ ನೋಡಬಹುದು. ನೋಡುವುದಕ್ಕೆ ಎಲ್ಲೆ ಉಂಟೆ, ಉಂಟಾದರೆ ಅದನ್ನು ಗೊತ್ತುಮಾಡತಕ್ಕವರು ಯಾರು ಎಂಬ ಪ್ರಶ್ನೆಯನ್ನು ಚಲಚ್ಚಿತ್ರಗಳ ವಿಷಯದಲ್ಲಿ ಕೇಳಿಕೊಂಡಾಗಲೆಲ್ಲ ನನ್ನ ಮನಸ್ಸು ಹೋಗಿ ನಿಲ್ಲುವುದು ಆ ರೇಷ್ಮೆಯ ಪಟ್ಟಿಯ ಮುಂದೆಯೇ.

ಬೆಳಕಿನಲ್ಲಿ ಆಡುವ ರೂಪಗಳನ್ನು ಕಂಡು ಬೆರಗಾಗುವುದು ನಮ್ಮ ಸೀಮೆಗೆ ಹೊಸತಲ್ಲ. ಎಣ್ಣೆದೀಪದ ಎದುರಿಗೆ ಬಣ್ಣದ ತೊಗಲನ್ನು ಹಿಡಿದು ರಾಮಾಯಣ ಭಾರತಗಳನ್ನು ತೋರಿಸುತ್ತಿದ್ದ ಗೊಂಬೆಯಾಟದವರು ಮಂಡ್ಯದ ಸುತ್ತಿನ ಹಳ್ಳಿಗಳಲ್ಲಿ ಹಿಂದಿನಿಂದಲೂ ಸಂಚರಿಸಿದವರು. 1895ರ ಡಿಸೆಂಬರ್ 28ರಂದು ಲೂಮಿಯೇರ್ ಸೋದರರು ಪ್ಯಾರಿಸ್ಸಿನಲ್ಲಿ ತೋರಿಸಿದ ಚಲಿಸುವ ಚಿತ್ರಗಳು ಮರುವರ್ಷದ ಜುಲೈ 7ರಂದೇ ಮುಂಬಯಿಯನ್ನು ಮುಟ್ಟಿದವು. ಇತ್ತ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಹರಿಯಿತು. ಕನ್ನಡದ ಮೊದಲ ವಾಕ್ಚಿತ್ರವಾದ ಸತಿ ಸುಲೋಚನ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಗೆ ಬಂದಾಗ, ಕೊಲ್ಹಾಪುರದಲ್ಲಿ ಚಿತ್ರಿತರಾದ ಆ ಇಂದ್ರಜಿತು ರಾವಣರ ಮುಖಗಳನ್ನು ಬೆಳಗಿದ್ದು ನಮ್ಮ ಕಾವೇರಿಯೇ ಎಂದು ನೆನೆದರೆ ನನಗೆ ಇಂದಿಗೂ ಹಿಗ್ಗುಂಟಾಗುತ್ತದೆ.

ಚಿತ್ರದ ತವರಾದ ಫ್ರಾನ್ಸಿನಲ್ಲಿ ಕತ್ತರಿಯೂ ಬೇಗನೆ ಹುಟ್ಟಿತು. ಮೊದಲನೆಯ ಮಹಾಯುದ್ಧ ಮುಗಿದ ಬೆನ್ನಿಗೇ, 1919ರ ಜುಲೈ 25ರ ಆಜ್ಞೆಯ ಮೇರೆಗೆ, ಸರ್ಕಾರದ ಅನುಮತಿಪತ್ರವಿಲ್ಲದೆ ಅಲ್ಲಿ ಯಾವ ಚಿತ್ರವನ್ನೂ ತೋರಿಸುವಂತಿಲ್ಲವಾಯಿತು. ಆ ಪತ್ರ ದೊರೆತ ಮೇಲೂ ಒಂದೊಂದು ಊರಿನ ಮೇಯರು ತನ್ನ ಊರಿನ ಮಟ್ಟಿಗೆ ಅದನ್ನು ತಡೆಯಬಹುದಾಗಿತ್ತು. ನನ್ನನ್ನು ಬಹುವಾಗಿ ಕಲಕಿದ್ದು ಜೋನ್ ಆಫ್ ಆರ್ಕಳ ಚಿತ್ರಕ್ಕೆ ಒದಗಿದ ಗತಿ. 1431ರಲ್ಲಿ ಚರ್ಚಿನ ನ್ಯಾಯಪೀಠವೇ ಆ ಹಳ್ಳಿಯ ಹುಡುಗಿಯನ್ನು ಧರ್ಮದ್ರೋಹಿಯೆಂದು ತೀರ್ಮಾನಿಸಿತು, ಆಕೆಯನ್ನು ಜೀವಂತವಾಗಿ ಸುಟ್ಟರು. 1920ರಲ್ಲಿ ಅದೇ ಚರ್ಚು ಆಕೆಯನ್ನು ಸಂತಳೆಂದು ಸಾರಿತು. ಎಂಟು ವರ್ಷಗಳ ತರುವಾಯ, ಡೆನ್ಮಾರ್ಕಿನ ಕಾರ್ಲ್ ಡ್ರೇಯರ್ ಎಂಬ ನಿರ್ದೇಶಕನು ಆ ವಿಚಾರಣೆಯನ್ನೇ ವಸ್ತುವಾಗಿಟ್ಟುಕೊಂಡು, ಫಾಲ್ಕನೆಟ್ಟಿ ಎಂಬ ನಟಿಯ ಮುಖವೊಂದರಿಂದಲೇ ಭಕ್ತಿ, ಭಯ, ಏಕಾಂತಗಳನ್ನೆಲ್ಲ ನುಡಿಸಿ ತೆಗೆದ ಚಿತ್ರಕ್ಕೆ ಪ್ಯಾರಿಸ್ಸಿನ ಆರ್ಚ್‌ಬಿಷಪ್ಪರ ಒತ್ತಾಯದಿಂದಲೂ ಸರ್ಕಾರದ ಪರಿಶೀಲಕರಿಂದಲೂ ಕತ್ತರಿ ಬಿದ್ದಿತು. ಅದೇ ವರ್ಷದ ಕೊನೆಗೆ ಮೂಲಪ್ರತಿ ಬರ್ಲಿನ್ನಿನ ಬೆಂಕಿಯಲ್ಲಿ ಉರಿದುಹೋಯಿತು. ಕತ್ತರಿ ಮುಟ್ಟದ ಪ್ರತಿಯೊಂದು 1981ರಲ್ಲಿ ನಾರ್ವೆಯ ಮಾನಸಿಕ ಆಸ್ಪತ್ರೆಯೊಂದರ ಬೀರುವಿನಲ್ಲಿ ಸಿಕ್ಕಿತು. ಸಂತಳನ್ನು ಪೂಜಿಸಲು ಒಪ್ಪಿದವರು ಆಕೆಯನ್ನು ಸುಡಿಸಿದ ಕೈಗಳನ್ನು ನೋಡಲೊಲ್ಲದೆ ಹೋದರೆಂಬುದು ನನಗೆ ಕಾಣುವ ಅರ್ಥ.

ನಮ್ಮ ದೇಶದಲ್ಲಿ 1918ರ ಕಾನೂನು ಬ್ರಿಟಿಷ್ ಇಂಡಿಯಕ್ಕೆ ಇಂಥದೇ ಕಟ್ಟಳೆಯನ್ನು ತಂದಿತು. 1921ರ ಭಕ್ತ ವಿದುರ ಎಂಬ ಮೂಕಿಚಿತ್ರವನ್ನು ಮದರಾಸಿನಲ್ಲಿಯೂ ಕರಾಚಿಯಲ್ಲಿಯೂ ನಿಷೇಧಿಸಿದರು. ಕಾರಣ ಅಶ್ಲೀಲತೆಯಲ್ಲ, ದೇವನಿಂದೆಯಲ್ಲ. ಹಸ್ತಿನಾವತಿಯ ಆ ವಿದುರನು ಖಾದಿಯ ಟೋಪಿಯನ್ನು ಧರಿಸಿ ಗಾಂಧೀಜಿಯಂತೆ ಕಾಣುತ್ತಿದ್ದನು. ಆ ಗಾಂಧೀಜಿಯಾದರೋ, 1927ರಲ್ಲಿ ರಂಗಾಚಾರಿಯವರ ಸಮಿತಿ ಸಿನಿಮಾವನ್ನು ಕುರಿತು ಪ್ರಶ್ನಾವಳಿಯನ್ನು ಕಳುಹಿಸಿದಾಗ, ತಾವು ಅದನ್ನು ನೋಡಿದವರೇ ಅಲ್ಲವೆಂದೂ ಅದರ ಕೆಡುಕು ಸ್ಪಷ್ಟವೆಂದೂ ಉತ್ತರಿಸಿದವರು. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಕೂಡಿಸಿಕೊಂಡು ಮೃಚ್ಛಕಟಿಕವನ್ನು ಚಿತ್ರಿಸಿದ ಮೋಹನ ಭವನಾನಿಯವರು ಮುಂದೆ ಗಿರಣಿಯ ಕೂಲಿಗಾರರ ಕಥೆಯನ್ನು ತೆಗೆದಾಗ ಅದಕ್ಕೂ ಮುಂಬಯಿಯಲ್ಲಿ ತಡೆ ಬಂದಿತು. ಇನ್ನು ನಮ್ಮ ಮೈಸೂರು ಸಂಸ್ಥಾನದೊಳಗೆ, 1938ರ ಏಪ್ರಿಲ್ಲಿನಲ್ಲಿ, ಮದ್ದೂರಿನ ಪಕ್ಕದ ಶಿವಪುರದಲ್ಲಿ ಶಿಂಷಾನದಿಯ ಬಳಿಯ ಬಯಲಿಗೆ ಸಹಸ್ರ ಸಹಸ್ರ ಜನ ನೆರೆದುದೂ ಒಂದು ನೋಟಕ್ಕಾಗಿಯೇ ಅಲ್ಲವೆ? ಕೋಲಿನ ತುದಿಯಲ್ಲಿ ಮೂರು ಬಣ್ಣದ ಬಟ್ಟೆಯೊಂದು ಬಿಚ್ಚಿಕೊಳ್ಳುವುದನ್ನು ನೋಡಬಾರದೆಂದು ಅಧಿಕಾರವು ಆಜ್ಞಾಪಿಸಿತ್ತು. ಕಾಂಗ್ರೆಸ್ ನಾಯಕರಾದ ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದವರು ನೋಡಿಯೇ ತೀರುವೆವೆಂದು ಸೆರೆಮನೆಗೆ ಸಿದ್ಧರಾಗಿ ಬಂದಿದ್ದರು.

ನಮ್ಮ ಹಿರಿಯರು ದಮವನ್ನೂ ದಂಡವನ್ನೂ ಬೇರೆಬೇರೆಯಾಗಿಯೇ ಕಂಡರು. ತನ್ನ ಇಂದ್ರಿಯವನ್ನು ತಾನೇ ಹಿಡಿದು ನಿಲ್ಲಿಸುವುದು ದಮ, ಪರರನ್ನು ಹಿಡಿದು ನಿಲ್ಲಿಸುವುದು ದಂಡ. ಮೇಲುಕೋಟೆಯ ಅರ್ಚಕರು ಬಟ್ಟೆಯನ್ನು ಕಟ್ಟಿಕೊಳ್ಳುವುದು ತಮ್ಮ ಕಣ್ಣಿಗೆ. ಪರಿಶೀಲಕನು ತಾನು ಎಲ್ಲವನ್ನೂ ನೋಡಿ ಮುಗಿಸಿ ಬಟ್ಟೆಯನ್ನು ಕಟ್ಟುವುದು ಊರಿನ ಕಣ್ಣಿಗೆ. ಗರ್ಭಗುಡಿಯಲ್ಲಿಯೂ ನೈವೇದ್ಯದ ಹೊತ್ತಿಗೆ ಭಕ್ತರನ್ನು ಕೇಳದೆಯೇ ತೆರೆ ಎಳೆಯುವುದಿಲ್ಲವೆ ಎಂದು ಯಾರಾದರೂ ಆಕ್ಷೇಪಿಸಬಹುದು. ಎಳೆಯುತ್ತಾರೆ, ನಿಜ, ಆದರೆ ಆ ತೆರೆ ಸರಿಯುವುದೆಂಬ ನಂಬಿಕೆಯಿಂದಲೇ ನಾವು ಕೈಜೋಡಿಸಿ ನಿಂತಿರುತ್ತೇವೆ. ಮರೆಮಾಡುವ ಬಟ್ಟೆಗೂ ತೆರೆ ಎಂದೇ ಹೆಸರು, ಬಿಚ್ಚೆಂದು ಹೇಳುವ ಮಾತೂ ತೆರೆ ಎಂದೇ, ಚಿತ್ರ ಮೂಡುವ ಬಿಳಿಯ ಪರದೆಯೂ ತೆರೆಯೇ ಆಗಿರುವ ಕನ್ನಡದಲ್ಲಿ ಹುಟ್ಟಿದ ನನಗೆ, ಮತ್ತೆಂದಿಗೂ ಸರಿಯದ ಮರೆಯನ್ನು ಆ ಹೆಸರಿನಿಂದ ಕರೆಯಲು ಮನಸ್ಸು ಬಾರದು. ಹಾಗೆಂದು ದಂಡವೇ ಬೇಡವೆನ್ನುವಷ್ಟು ಧೈರ್ಯವೂ ನನಗಿಲ್ಲ. ಹಸುಳೆಗಳಿಗೆ ತೋರಬಾರದ ಕ್ರೌರ್ಯವುಂಟು. ಒಂದು ಜಾತಿಯನ್ನೋ ಮತವನ್ನೋ ಹಳಿದು ಬೆಂಕಿಯಿಕ್ಕುವ ಚಿತ್ರಗಳುಂಟು. ಅವನ್ನು ತಡೆಯುವ ಕೈ ಇರಬೇಕು. ಆ ಕೈ ತನಗೆ ತಾನೇ ಹೆದರುತ್ತಿರಬೇಕೆಂಬುದಷ್ಟೇ ನನ್ನ ಬೇಡಿಕೆ.

ಆದರೂ ದಮವನ್ನು ಹೊಗಳಿ ಸುಮ್ಮನಾಗಲು ಗಾಂಧಾರಿ ನನ್ನನ್ನು ಬಿಡುವುದಿಲ್ಲ. ಆಕೆಯೂ ತನ್ನ ಕಣ್ಣಿಗೆ ತಾನೇ ಬಟ್ಟೆಯನ್ನು ಕಟ್ಟಿಕೊಂಡವಳು. ಪತಿಯ ಕತ್ತಲೆಯಲ್ಲಿ ಪಾಲುಗೊಂಡ ಆ ವ್ರತ ಎಷ್ಟೇ ದೊಡ್ಡದಾದರೂ, ಮಕ್ಕಳು ಬೆಳೆದ ಬಗೆಯನ್ನು ಕಣ್ಣಾರೆ ಕಾಣಬೇಕಾಗಿದ್ದ ತಾಯಿ ಕಾಣದೆ ಹೋದಳು. ದ್ರೌಪದಿಯ ಸೀರೆಯನ್ನು ಸೆಳೆದ ಸಭೆಯಲ್ಲಿ ತಲೆ ತಗ್ಗಿಸಿ ಕುಳಿತ ಹಿರಿಯರೂ ಒಂದು ರೀತಿಯಲ್ಲಿ ದೃಷ್ಟಿಯನ್ನು ನಿಗ್ರಹಿಸಿದವರೇ. ಅವರ ನಿಗ್ರಹವನ್ನು ಅರ್ಚಕರ ರೇಷ್ಮೆಯ ಪಟ್ಟಿಯೊಡನೆ ಹೋಲಿಸಲು ನನ್ನ ಮನಸ್ಸು ಹೇಸುತ್ತದೆ. ಆದರೆ ಹೊರಗಿನಿಂದ ನೋಡುವವನಿಗೆ ಎರಡೂ ಮುಚ್ಚಿದ ಕಣ್ಣುಗಳೇ. ಒಂದರಲ್ಲಿ ಎದುರಿಗಿರುವುದು ತನಗಿಂತ ದೊಡ್ಡದೆಂಬ ವಿನಯ. ಇನ್ನೊಂದರಲ್ಲಿ, ಕಂಡರೆ ಎದ್ದು ನಿಲ್ಲಬೇಕಾದೀತೆಂಬ ಅಳುಕು. ಈ ಭೇದವನ್ನು ಯಾವ ಮಂಡಲಿ, ಯಾವ ಅನುಮತಿಪತ್ರ ಅಳೆಯಬಲ್ಲುದು?

ಚಿಕ್ಕಂದಿನಲ್ಲಿ ಒಮ್ಮೆ ಮಳವಳ್ಳಿಯ ಟೆಂಟಿನಲ್ಲಿ ಅಜ್ಜಿಯ ಪಕ್ಕದಲ್ಲಿ ಮರಳಿನ ಮೇಲೆ ಕುಳಿತು ಭಾರತದ ಕಥೆಯ ಚಿತ್ರವೊಂದನ್ನು ನೋಡಿದ್ದೆ. ದುಶ್ಶಾಸನನು ದ್ರೌಪದಿಯ ಮುಡಿಗೆ ಕೈಯಿಕ್ಕಿದೊಡನೆ ಅಜ್ಜಿ ಸೆರಗನ್ನು ಎಳೆದು ಮುಖದ ತುಂಬ ಹೊದೆದುಕೊಂಡಳು. ಯಾಕಜ್ಜಿ ಎಂದುದಕ್ಕೆ, “ನೋಡ್ಬಾರ್ದು ಕನ್ಲಾ ಮಗ, ಹೆಣ್ಮಗಳ ಮಾನ ಅದು” ಎಂದಳು. ನೆಲದ ಟಿಕೀಟಿನವರ ಗದ್ದಲದ ನಡುವೆ ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಸೆರಗಿನ ಒಳಗೆ ಆಕೆಯ ಉಸಿರು ಬಿಸಿಯಾಗಿ ಏಳುತ್ತಿತ್ತು. ಆದರೆ ಆಕೆ ನನ್ನ ಕಣ್ಣನ್ನು ಮುಚ್ಚಲಿಲ್ಲ. ಮುಚ್ಚಿಕೋ ಎಂದೂ ಹೇಳಲಿಲ್ಲ. ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡು, ಸೀರೆಯ ಸುರುಳಿ ಬೆಳೆಯುತ್ತಿದ್ದಷ್ಟು ಹೊತ್ತೂ ಮತ್ತೆ ಮತ್ತೆ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಳು:

“ಬಂದ್ನೇನ್ಲಾ ಕೃಷ್ಣ? ನೋಡ್ಲಾ, ಬಂದ್ನಾ?”