ಸುಳ್ಳಿನ ಮೇಲೆ ಹೊತ್ತ ಹರಕೆ

ನಮ್ಮ ಮನೆಗಳಲ್ಲಿ ಈಗ ‘ಸರ್‌ಪ್ರೈಸ್ ಕೊಡುವುದು’ ಎಂಬ ಹೊಸ ಕ್ರಮವೊಂದು ಶುರುವಾಗಿದೆ. ಹಿರಿಯರ ಹುಟ್ಟುಹಬ್ಬ ಹತ್ತಿರವಾದರೆ ಮಕ್ಕಳು ಗುಟ್ಟಾಗಿ ಮಾತಾಡಿಕೊಳ್ಳುತ್ತಾರೆ, ಟಿಕೇಟು ತೆಗೆಯುತ್ತಾರೆ, ಯಾವುದಾದರೊಂದು ದೊಡ್ಡ ಪಟ್ಟಣದಲ್ಲಿ ಎರಡು ದಿನಕ್ಕೆ ಕೋಣೆ ಗೊತ್ತುಮಾಡುತ್ತಾರೆ. ಹುಟ್ಟುಹಬ್ಬದವರೊಬ್ಬರನ್ನು ಬಿಟ್ಟು ಉಳಿದ ಎಲ್ಲರಿಗೂ ವಿಷಯ ಗೊತ್ತಿರುತ್ತದೆ. ಇದಕ್ಕೆ ಕನ್ನಡದಲ್ಲಿ ಸರಿಯಾದ ಮಾತಿಲ್ಲ. ಅಚ್ಚರಿ, ಬೆರಗು, ವಿಸ್ಮಯ ಎಂದೆಲ್ಲ ಇದೆ. ಮಲಯಾಳದಲ್ಲಿ ಅದ್ಭುತಂ ಇದೆ. ಇವೆಲ್ಲ ಒಬ್ಬರ ಮನಸ್ಸಿನೊಳಗೆ ತಾವಾಗಿ ಹುಟ್ಟುವ ಭಾವಗಳು, ಒಬ್ಬರು ಇನ್ನೊಬ್ಬರಿಗೆ ಮಾಡುವ ಕೆಲಸವಲ್ಲ. ಇಂಗ್ಲಿಷಿನ ಶಬ್ದಕ್ಕಾದರೋ ಮೊದಲು ಹೇಳದೆ ಕೇಳದೆ ಮೇಲೆ ಬೀಳುವುದು, ದಾಳಿಮಾಡಿ ಹಿಡಿಯುವುದು ಎಂಬ ಅರ್ಥವಿತ್ತು. ಶಬ್ದದ ಬೇರು ಕೆದಕಿ ಮಕ್ಕಳ ಪ್ರೀತಿಯನ್ನು ಅಳೆಯುವುದು ನ್ಯಾಯವಲ್ಲ, ಬಿಡಿ. ಆದರೆ ಸಂತೋಷಪಡಿಸುವುದಕ್ಕಾಗಿ ಹೇಳಿದ ಸುಳ್ಳಿಗೆ ಲೆಕ್ಕ ಒಪ್ಪಿಸಬೇಕೋ ಬೇಡವೋ ಎಂಬ ಪ್ರಶ್ನೆ ನಮ್ಮ ಮನೆಯೊಳಗೇ ಎದ್ದಿತು. ಅದನ್ನು ಇಲ್ಲಿ ಓದುಗರ ಮುಂದಿಡುತ್ತೇನೆ.

ನನ್ನ ತಂಗಿಯನ್ನು ಕೊಟ್ಟದ್ದು ಗೋವೆಯ ಕೆಪೆಗೆ. ಮಡಗಾಂವಿನಿಂದ ಸುಮಾರು 15 ಕಿ.ಮೀ. ಒಳಗೆ, ಕುಶಾವತಿ ಹೊಳೆಯ ದಂಡೆಯಲ್ಲಿರುವ ತಾಲೂಕು ಪೇಟೆ. ಒಂದು ಕಾಲಕ್ಕೆ ಅದು ನಮ್ಮ ಸೋದೆ ಅರಸರ ಸೀಮೆ. 18ನೆಯ ಶತಮಾನದಲ್ಲಿ ಪೋರ್ಚುಗೀಸರ ಪಾಲಾಯಿತು. ಅವರ ಡೀನ್ ಪಾದ್ರಿಯೊಬ್ಬರು 1787ರಲ್ಲಿ ಕಟ್ಟಿಸಿದ ಅರಮನೆ ಈಗಲೂ ಇಗರ್ಜಿಯ ಎದುರಿಗಿದೆ. ಭಾವನದು ಪೇಟೆಯಲ್ಲಿ ಸಣ್ಣ ಹೋಟೆಲು. ಇಡ್ಲಿ, ದೋಸೆ, ಬನ್ಸು, ಚಹಾ. ಅದಿರಿನ ಲಾರಿಗಳು ಓಡುತ್ತಿದ್ದ ಕಾಲದಲ್ಲಿ ಧಾರವಾಡ, ಬಿಜಾಪುರ ಕಡೆಯ ಡ್ರೈವರುಗಳು ಕನ್ನಡ ಮಾತಾಡುವ ಆಸೆಗೇ ಅಲ್ಲಿ ಬಂದು ಕೂತುಕೊಳ್ಳುತ್ತಿದ್ದರು. 2012ರಲ್ಲಿ ಗಣಿ ನಿಂತ ಮೇಲೆ ವ್ಯಾಪಾರ ಇಳಿಯಿತು, ಕೆಲಸದವರನ್ನು ಕಡಿಮೆ ಮಾಡಿದರು. ಹಿಟ್ಟು ರುಬ್ಬುವುದು, ಚಟ್ನಿ, ಸಾಂಬಾರು ಎಲ್ಲ ತಂಗಿಯ ಕೈಗೆ ಬಂತು. ಅದೇ ಹೊಳೆಯ ಮೇಲ್ದಂಡೆಯಲ್ಲಿ ಉಸ್‌ಗಳಿಮಳ್ ಎಂಬಲ್ಲಿ ಮುರಕಲ್ಲಿನ ಹಾಸಿನ ಮೇಲೆ ಹಳೆಯ ಕಾಲದವರು ಗೂಳಿ, ನವಿಲು, ಸುತ್ತುಸುತ್ತಿನ ಚಕ್ರಗಳನ್ನು ಕೆತ್ತಿದ್ದಾರೆ. 1993ರಲ್ಲಿ ವಿದ್ವಾಂಸರ ಕಣ್ಣಿಗೆ ಬಿದ್ದ ಮೇಲೆ ಎಲ್ಲೆಲ್ಲಿಂದಲೋ ಜನ ಬಂದು ನೋಡಿ ಹೋಗುತ್ತಾರೆ, ಹೋಗುವಾಗ ತಂಗಿಯ ಕೈಯ ದೋಸೆಯನ್ನೂ ತಿನ್ನುತ್ತಾರೆ. ತಂಗಿ ಮಾತ್ರ ಅದನ್ನು ನೋಡಿದವಳಲ್ಲ. ಕೇಳಿದರೆ, ‘ಹೋದರೆ ಹಿಟ್ಟು ಯಾರು ನೋಡುವುದು ಅಣ್ಣ?’ ಎಂಬುದೇ ಉತ್ತರ.

ಅವಳಿಗೆ ಅರುವತ್ತು ತುಂಬುವ ವರ್ಷ ಮಗ ಒಂದು ಯೋಚನೆ ಮಾಡಿದ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಒಳ್ಳೆಯ ಹುಡುಗ. ಅವನ ಯೋಚನೆಯಲ್ಲಿ ಮೆಚ್ಚಬೇಕಾದ ಅಂಶವೊಂದಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಷಷ್ಟ್ಯಬ್ದಿ ಎಂದರೆ ಗಂಡಸಿನದು. ಹೆಂಗಸು ಪಕ್ಕದಲ್ಲಿ ಪಟ್ಟೆಸೀರೆ ಉಟ್ಟು ಕೂರುತ್ತಾಳೆ, ಅಷ್ಟೆ. ಅವಳಿಗೆ ಎಷ್ಟು ತುಂಬಿತು ಎಂದು ಲೆಕ್ಕ ಇಟ್ಟವರಿಲ್ಲ. ತಾಯಿಯ ಅರುವತ್ತು ಕೂಡ ಎಣಿಸಬೇಕಾದದ್ದು ಎಂದು ಆ ಹುಡುಗನಿಗೆ ತೋರಿತಲ್ಲ, ನಮ್ಮ ತಲೆಮಾರಿಗೆ ಅದು ತೋರಲಿಲ್ಲ.

ತಾರೀಕಿನ ವಿಷಯ ಮಾತ್ರ ಸ್ವಲ್ಪ ತಮಾಷೆ. ಆಧಾರ್ ಕಾರ್ಡಿನಲ್ಲಿರುವುದು ಮೇ ತಿಂಗಳ ಒಂದು ದಿನ. ಜೂನ್ ತಿಂಗಳಲ್ಲಿ ಶಾಲೆಗೆ ಸೇರಿಸುವಾಗ ವಯಸ್ಸು ಭರ್ತಿಯಾಗಲಿ ಎಂದು ಹೆಡ್‌ಮಾಷ್ಟ್ರು ಬರೆದುಕೊಂಡ ತಾರೀಕದು. ಅವಳು ಹುಟ್ಟಿದ್ದು ಸೋಣ ತಿಂಗಳ ರೇವತಿ ನಕ್ಷತ್ರದಂದು. ನೆರೆಯ ಮಲಯಾಳಿಗಳು ಪಿರನ್ನಾಳ್ ಮಾಡುವ ಹಾಗೆ ನಮ್ಮ ತಾಯಿಯೂ ಆ ದಿನ ಪಾಯಸ ಮಾಡುತ್ತಿದ್ದರು. ಆದರೆ ಮೇ ತಿಂಗಳಲ್ಲಿ ಮಗುವಿಗೆ ರಜೆ, ಮೇಲಾಗಿ ಕಾರ್ಡಿನಲ್ಲಿ ಬರೆದದ್ದೇ ಈಗಿನ ಸತ್ಯ. ಹೀಗೆ ಹೆಡ್‌ಮಾಷ್ಟ್ರು ಒಳ್ಳೆಯದಕ್ಕೆಂದು ಬರೆದ ಒಂದು ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಕೂತಿತು.

ಆ ಇನ್ನೊಂದು ಹೀಗೆ. ಶುಕ್ರವಾರ ಮಧ್ಯಾಹ್ನ ಹೋಟೆಲಿನ ಒಳಗೆ ಬಂದು ಮಗ ಹೇಳಿದ: ‘ಅಮ್ಮ, ಡೊಂಬಿವಲಿಯ ಅತ್ತೆಗೆ ಎದೆನೋವಂತೆ, ಆಸ್ಪತ್ರೆಗೆ ಸೇರಿಸಿದ್ದಾರೆ. ಈಗಲೇ ಹೊರಡಬೇಕು.’ ಅತ್ತೆ ಎಂದರೆ ಭಾವನ ತಂಗಿ. ನಾದಿನಿ ಎಂಬುದು ಹೆಸರಿಗೆ ಮಾತ್ರ. ತಂಗಿಯ ಎರಡು ಬಾಣಂತನಗಳನ್ನು ಮುಂಬಯಿಯಿಂದ ಬಂದು ನೋಡಿಕೊಂಡವರು. ಭಾವನಿಗೆ ಗುಟ್ಟು ಗೊತ್ತಿತ್ತು, ಸೊಸೆಗೆ ಗೊತ್ತಿತ್ತು, ಏಳು ವರ್ಷದ ಮೊಮ್ಮಗಳಿಗೂ ಗೊತ್ತಿತ್ತು. ತಂಗಿ ಒಲೆ ಆರಿಸಿ, ಉಟ್ಟ ಸೀರೆಯಲ್ಲಿ ಹೊರಟಳು. ಮೇ ತಿಂಗಳ ಆ ನೂಕುನುಗ್ಗಲಿನಲ್ಲಿ ಅದೇ ದಿನ ಕೊಂಕಣ ಕನ್ಯಾ ರೈಲಿನಲ್ಲಿ ಐದು ಜನಕ್ಕೆ ಮಲಗುವ ಜಾಗ ಹೇಗೆ ಸಿಕ್ಕಿತು ಎಂಬುದು ಗಾಬರಿಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ. ರಾತ್ರಿಯಿಡೀ ಕಿಟಕಿಯ ಬದಿಯಲ್ಲಿ ಕೂತೇ ಇದ್ದಳು. ಮೊಮ್ಮಗಳು ಒಮ್ಮೆ ಎದ್ದು ಬಂದು, ‘ಅಳಬೇಡಿ ಅಜ್ಜಿ, ಅದು...’ ಎಂದು ಶುರುಮಾಡಿದಳಂತೆ. ಅವಳ ಅಮ್ಮ ಮೇಲಿನಿಂದ ಕಣ್ಣು ದೊಡ್ಡದು ಮಾಡಿದ್ದೇ ಸುಮ್ಮನಾಗಿ ಅಜ್ಜಿಯ ಸೆರಗು ಹಿಡಿದು ಅಲ್ಲೇ ನಿದ್ದೆಹೋಯಿತು. ರತ್ನಾಗಿರಿ ದಾಟುವಷ್ಟರಲ್ಲಿ ತಂಗಿ ಮಧೂರು ಗಣಪತಿಗೆ ಹರಕೆ ಹೊತ್ತಾಗಿತ್ತು: ನಾದಿನಿ ಎದ್ದು ಓಡಾಡಿದರೆ ಊರಿಗೆ ಬಂದು ಅಪ್ಪದ ಸೇವೆ ಮಾಡಿಸುತ್ತೇನೆ.

ಬೆಳಗಿನ ಜಾವ ಠಾಣೆ ಸ್ಟೇಷನಿನಲ್ಲಿ ಇಳಿದರೆ, ನಾದಿನಿ ಮಲ್ಲಿಗೆ ಹೂವು, ಪೇಡೆಯ ಪೊಟ್ಟಣ ಹಿಡಿದು ನಿಂತಿದ್ದರು.

ಮುಂದಿನದು ಬೇಗ ಹೇಳುತ್ತೇನೆ. ಎರಡು ದಿನ ಮುಂಬಯಿ ಸುತ್ತಿದರು. ಗೇಟ್‌ವೇ, ಸಮುದ್ರದ ಮೇಲಿನ ಸೇತುವೆ, ಮಾಟುಂಗದಲ್ಲಿ ಊಟ. ಕಾಸರಗೋಡಿನ ಕಡಲ ಬದಿಯಲ್ಲಿ ಹುಟ್ಟಿ ಗೋವೆಯಲ್ಲಿ ಬಾಳಿದವಳಿಗೆ ರಾತ್ರಿ ರೈಲಿನಲ್ಲಿ ಕೂರಿಸಿ ತೋರಿಸಿದ್ದು ಮತ್ತೆ ಕಡಲನ್ನೇ ಎಂದು ಭಾವ ನಗುತ್ತಾರೆ. ಅವಳಿಗೆ ಸಂತೋಷವಾದದ್ದು ನಿಜ. ಇಂದಿಗೂ ಆ ಸೇತುವೆಯ ಮಾತೆತ್ತಿದರೆ ಮುಖ ಅರಳುತ್ತದೆ. ಸೊಸೆ ತೆಗೆದ ವಿಡಿಯೋ ನಮ್ಮೆಲ್ಲರ ಮೊಬೈಲಿಗೂ ಬಂತು. ಅದರಲ್ಲಿ ತಂಗಿ ನಾದಿನಿಯನ್ನು ತಬ್ಬಿಕೊಂಡು ನಗುತ್ತಿದ್ದಾಳೆ. ಅದಕ್ಕೆ ಮುಂಚೆ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕುಸಿದು ಕೂತು ಅತ್ತದ್ದು ಅದರಲ್ಲಿಲ್ಲ. ವಿಡಿಯೋ ಶುರುವಾಗುವುದೇ ನಗುವಿನಿಂದ.

ಅಳಿಯ ತನ್ನ ಪರವಾಗಿ ಹೇಳುವುದು ಇಷ್ಟು: ‘ಕೇಳಿದ್ದರೆ ಅಮ್ಮ ಬೇಡ ಅನ್ನುತ್ತಿದ್ದರು ಮಾವ, ನಿಮಗೆ ಗೊತ್ತಿಲ್ಲದ್ದಾ? ನಲುವತ್ತು ವರ್ಷದಿಂದ ಬೇಡ ಅನ್ನುವುದೇ ಆಯಿತು.’ ಈ ಮಾತನ್ನು ಹಾರಿಸಿಬಿಡುವಂತಿಲ್ಲ. ನಮ್ಮ ಹೆಂಗಸರು ಬೇಕು ಎನ್ನುವುದನ್ನೇ ಮರೆತಿದ್ದಾರೆ. ಬೇಡ ಎಂಬ ಮಾತು ಅವರ ಬಾಯಿಂದ ಬರುವುದು ನಿಜವಾಗಿ ಬೇಡವಾಗಿ ಅಲ್ಲ, ಬೇಕು ಎಂದರೆ ಆ ಭಾರ ಯಾರ ಮೇಲೋ ಬೀಳುತ್ತದೆ ಎಂದು ಗೊತ್ತಿರುವುದರಿಂದ. ಅಂಥವರಿಗೆ ಏನಾದರೂ ಕೊಡಬೇಕಾದರೆ ಅವರ ‘ಬೇಡ’ವನ್ನು ದಾಟಿಯೇ ಕೊಡಬೇಕು. ನಾನಿದನ್ನು ಒಪ್ಪುತ್ತೇನೆ. ಆದರೆ ದಾಟುವುದಕ್ಕೆ ಎರಡು ದಾರಿಗಳಿದ್ದವು. ‘ಎರಡು ದಿನ ಹಿಟ್ಟು ರುಬ್ಬಲು ಜನ ಗೊತ್ತುಮಾಡಿದ್ದೇನೆ ಅಮ್ಮ, ಈಗ ಹೇಳು’ ಎಂದಿದ್ದರೆ ಅವಳ ಬೇಡದ ಬುಡವೇ ಸಡಿಲವಾಗುತ್ತಿತ್ತು. ಹೋಟೆಲಿನ ಬಾಗಿಲು ಹಾಕಿ ಕರೆದುಕೊಂಡು ಹೋದದ್ದರಿಂದ ಸೋಮವಾರ ಬಂದವಳಿಗೆ ಅದೇ ಹಿಟ್ಟು, ಅದೇ ಒಲೆ.

ಬಚ್ಚಿಡುವುದು ಬೇರೆ, ಹೆದರಿಸುವುದು ಬೇರೆ. ಸೀರೆಯೊಂದನ್ನು ಕಪಾಟಿನ ಹಿಂದೆ ಅಡಗಿಸಿಟ್ಟರೆ ಯಾರಿಗೂ ಹಾನಿಯಿಲ್ಲ. ಕಾಂಟ್ ಎಂಬ ಜರ್ಮನ್ ತತ್ವಜ್ಞಾನಿ 1797ರ ಒಂದು ಲೇಖನದಲ್ಲಿ, ಕೊಲೆಗಾರ ಬಂದು ನಿನ್ನ ಗೆಳೆಯ ಎಲ್ಲಿ ಎಂದು ಕೇಳಿದರೂ ಸುಳ್ಳಾಡುವ ಹಕ್ಕು ನಿನಗಿಲ್ಲ ಎಂದು ವಾದಿಸಿದ. ಅಷ್ಟು ದೂರ ಹೋಗಲು ನನ್ನಿಂದಾಗದು. ಪುಣ್ಯಕೋಟಿಯ ಕಥೆ ಕೇಳಿ ಬೆಳೆದವನಾದರೂ ಆಗದು. ಸಿಸೆಲಾ ಬೋಕ್ ಎಂಬವರು 1978ರಲ್ಲಿ ಸುಳ್ಳಿನ ಬಗ್ಗೆಯೇ ಒಂದು ಪುಸ್ತಕ ಬರೆದರು. ಸುಳ್ಳು ಹೇಳಿದವರ ಕಡೆಯಿಂದ ಮಾತ್ರವಲ್ಲ, ಕೇಳಿಸಿಕೊಂಡವರ ಕಡೆಯಿಂದಲೂ ಅದನ್ನು ನೋಡಬೇಕು ಎಂಬುದು ಅವರ ಮಾತಿನ ಸಾರ. ಇದು ನಮ್ಮ ಮನೆಗೆ ಹೆಚ್ಚು ಹತ್ತಿರ. ಮಗನ ಕಡೆಯಿಂದ ಆ ರಾತ್ರಿ ಒಂದು ನಾಟಕದ ಮೊದಲ ಅಂಕ, ಅವನಿಗೆ ಎರಡನೆಯ ಅಂಕವೂ ಗೊತ್ತಿದೆ. ತಾಯಿಯ ಕಡೆಯಿಂದ ಅದು ಬರೀ ರಾತ್ರಿ, ಅದಕ್ಕೆ ಎರಡನೆಯ ಅಂಕವಿಲ್ಲ. ಮರುದಿನ ಸತ್ಯ ತಿಳಿದದ್ದರಿಂದ ಹಿಂದಿನ ರಾತ್ರಿಯ ಸಂಕಟ ನಡೆಯಲೇ ಇಲ್ಲ ಎಂದಾಗುವುದಿಲ್ಲ.

ಇದಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ದ್ರೋಣರನ್ನು ಆಯುಧದಿಂದ ಗೆಲ್ಲಲಾಗದೆ ಅಶ್ವತ್ಥಾಮ ಸತ್ತನೆಂದು ಹೇಳಿಸಿದ ಪ್ರಸಂಗ ನಮಗೆಲ್ಲ ಗೊತ್ತು. ಧರ್ಮರಾಯನ ರಥ ನೆಲಕ್ಕಿಳಿದದ್ದೂ ಗೊತ್ತು. ಅರ್ಧ ಸತ್ಯ ಹೇಳಿದ್ದಕ್ಕೆ ರಥ ಇಳಿಯಿತು ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಅಲ್ಲಿ ಬಾಣವಾಗಿ ಬಳಕೆಯಾದದ್ದು ತಂದೆಗೆ ಮಗನ ಮೇಲಿದ್ದ ಪ್ರೀತಿ ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಕೆಪೆಯ ಹೋಟೆಲಿನ ಅಡುಗೆಮನೆಗೆ ಮಹಾಭಾರತ ತರುವುದು ಅತಿಯಾಯಿತು ಎನ್ನಬಹುದು. ಅಲ್ಲಿ ಉದ್ದೇಶ ಕೊಲೆ, ಇಲ್ಲಿ ಪೇಡೆ. ಆದರೂ ಉಪಾಯ ಒಂದೇ. ತಂಗಿಯನ್ನು ಒಲೆಯ ಎದುರಿನಿಂದ ಎಬ್ಬಿಸಬಲ್ಲ ಒಂದೇ ಒಂದು ಮಾತು ಯಾವುದು ಎಂದು ಹುಡುಕಿದರು, ಅವಳ ಪ್ರೀತಿಯಲ್ಲೇ ಅದು ಸಿಕ್ಕಿತು. ನಾಳೆ ನಿಜವಾಗಿಯೂ ಯಾರಿಗೋ ಎದೆನೋವು ಎಂದು ಫೋನು ಬಂದರೆ, ಓಡುವ ಮುಂಚೆ ಅವಳು ಒಂದು ಗಳಿಗೆ ಮಗನ ಮುಖ ನೋಡುತ್ತಾಳೆ. ಆ ಒಂದು ಗಳಿಗೆ ಎರಡು ದಿನದ ಮುಂಬಯಿಗಿಂತ ದುಬಾರಿ ಎಂದು ನನ್ನ ಲೆಕ್ಕ.

ಗುಟ್ಟಿಲ್ಲದೆ ಬೆರಗಿಲ್ಲ ಎಂಬುದನ್ನೂ ನಾನು ಒಪ್ಪುವುದಿಲ್ಲ. ಕುಂಬಳೆಯ ಪಾರ್ತಿಸುಬ್ಬನ ಸೀಮೆಯವರು ನಾವು. ಯಕ್ಷಗಾನಕ್ಕೆ ಹೋಗಿ ಕೂತವರಲ್ಲಿ ಕಥೆ ಗೊತ್ತಿಲ್ಲದವರು ಯಾರು? ವಾಲಿ ಸಾಯುತ್ತಾನೆ ಎಂದು ಚೆಂಡೆ ಬಡಿಯುವ ಮೊದಲೇ ಗೊತ್ತು. ಆದರೂ ಒಳ್ಳೆಯ ವಾಲಿ ರಂಗಕ್ಕೆ ಬಂದಾಗ ಮೈ ಜುಮ್ಮೆನ್ನುತ್ತದೆ. ಅದ್ಭುತ ರಸಕ್ಕೆ ವಿಸ್ಮಯವನ್ನು ಸ್ಥಾಯಿಯಾಗಿ ಹೇಳಿದ ಶಾಸ್ತ್ರಕಾರರು, ನೋಡುವವನಿಗೆ ಕಥೆ ತಿಳಿದಿರಬಾರದು ಎಂದು ನಿಯಮ ಮಾಡಲಿಲ್ಲ. ಮೊದಲೇ ತಿಳಿದಿದ್ದರೆ ಎದುರುನೋಡುವ ಸುಖ ಬೇರೆ ಸೇರುತ್ತದೆ. ಎರಡು ತಿಂಗಳ ಮೊದಲು ಟಿಕೇಟು ತೆಗೆದಾಗಲೇ ಹೇಳಿದ್ದರೆ ಅವಳು ಯಾವ ಸೀರೆ ಉಡಲಿ ಎಂದು ಎಷ್ಟು ರಾತ್ರಿ ಯೋಚಿಸುತ್ತಿದ್ದಳು, ನೆರೆಯ ಕೊಂಕಣಿ ಹೆಂಗಸರ ಹತ್ತಿರ ಎಷ್ಟು ಸಲ ಹೇಳಿಕೊಳ್ಳುತ್ತಿದ್ದಳು! ಆ ಎರಡು ತಿಂಗಳನ್ನು ಮಕ್ಕಳು ತಾವೇ ಅನುಭವಿಸಿದರು.

ಹರಕೆಯ ಪ್ರಶ್ನೆ ಎದ್ದದ್ದು ಕೆಪೆಗೆ ಮರಳಿದ ಮೇಲೆ. ಮಗನಿಗೆ ಅದು ಗೊತ್ತಾದದ್ದೇ ಆಗ. ‘ಕಾಯಿಲೆಯೇ ಇರಲಿಲ್ಲವಲ್ಲ ಅಮ್ಮ, ಮತ್ತೆ ಹರಕೆ ಎಲ್ಲಿಂದ?’ ಎಂದ. ಮೇಲ್ನೋಟಕ್ಕೆ ಸರಿಯಾದ ವಾದ. ನನ್ನ ಪರಿಚಯದ ವಕೀಲರೊಬ್ಬರು ತಮಾಷೆಗೆ 1872ರ ಕರಾರು ಕಾಯಿದೆಯನ್ನು ತೆಗೆದರು. ಅದರ 20ನೆಯ ಕಲಮಿನ ಪ್ರಕಾರ ಮುಖ್ಯ ಸಂಗತಿಯ ಬಗ್ಗೆ ಎರಡೂ ಕಡೆಯವರು ತಪ್ಪು ತಿಳಿದಿದ್ದರೆ ಕರಾರು ನಿಲ್ಲದು. ಒಂದು ಕಡೆಯವರು ಮಾತ್ರ ತಪ್ಪು ತಿಳಿದಿದ್ದರೆ, ಅಷ್ಟರಿಂದಲೇ ಅದನ್ನು ಮುರಿಯಲು ಬರುವುದಿಲ್ಲ ಎನ್ನುತ್ತದೆ 22ನೆಯದು. ‘ನಿಮ್ಮ ತಂಗಿಗೆ ಗೊತ್ತಿರಲಿಲ್ಲ, ಸರಿ. ಗಣಪತಿಗೆ ಗೊತ್ತಿಲ್ಲದೆ ಉಂಟೇ?’ ಎಂದು ಅವರು ನಕ್ಕರು.

ತಂಗಿ ಕಾಯಿದೆಯ ತನಕ ಹೋಗಲಿಲ್ಲ. ಅವಳು ಹೇಳಿದ್ದು ಇಷ್ಟೆ: ‘ನಾನು ಕೇಳಿದ್ದು ಅವಳು ಎದ್ದು ಓಡಾಡಬೇಕು ಎಂದು. ಬೆಳಿಗ್ಗೆ ಎದ್ದು ಓಡಾಡುತ್ತಿದ್ದಳಲ್ಲ? ಕೇಳಿದ್ದು ಸಿಕ್ಕಿದ ಮೇಲೆ ಕೊಡದಿರುವುದು ಹೇಗೆ?’ ನಾನು ಇದನ್ನು ತುಂಬ ದಿನ ಯೋಚಿಸಿದೆ. ಮಗನ ಲೆಕ್ಕದಲ್ಲಿ ಹರಕೆ ಕಾಯಿಲೆಗೆ ಸಂಬಂಧಿಸಿದ್ದು, ಕಾಯಿಲೆ ಸುಳ್ಳಾದರೆ ಹರಕೆಯೂ ಬಿತ್ತು. ತಂಗಿಯ ಲೆಕ್ಕದಲ್ಲಿ ಅದು ಅವಳ ಬಾಯಿಂದ ಹೊರಟ ಮಾತು. ಬೇರೆಯವರು ಹೇಳಿದ್ದು ಸುಳ್ಳೆಂದು ತನ್ನ ಮಾತನ್ನು ಸುಳ್ಳುಮಾಡಲು ಅವಳು ತಯಾರಿಲ್ಲ. ಕನ್ನಡದಲ್ಲಿ ಹರಕೆಯನ್ನು ಹೊರುತ್ತೇವೆ, ತೀರಿಸುತ್ತೇವೆ. ಅಂದರೆ ಅದು ಹೊರೆಯೂ ಹೌದು, ಸಾಲವೂ ಹೌದು. ಮಲಯಾಳದ ನೇರ್ಚ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರಿಗೂ ಸಲ್ಲುವ ಮಾತು. ಕೆಪೆಯ ಕೊಂಕಣಿಯಲ್ಲಿ ಆಂಗವಣ ಎನ್ನುತ್ತಾರೆ. ನೆರೆಮನೆಯ ಕ್ರಿಸ್ತುವ ಅಜ್ಜಿಗೆ ತಂಗಿಯ ಮಾತು ಒಂದೇ ಸಲಕ್ಕೆ ಅರ್ಥವಾಯಿತಂತೆ. ಅರ್ಥವಾಗದೆ ಉಳಿದದ್ದು ಬೆಂಗಳೂರಿನ ಎಂಜಿನಿಯರಿಗೆ ಮಾತ್ರ.

ಕಳೆದ ಡಿಸೆಂಬರಿನಲ್ಲಿ ಅವರೆಲ್ಲ ಊರಿಗೆ ಬಂದರು. ಅಪ್ಪದ ಸೇವೆಯ ದುಡ್ಡು ತಾನು ಕೊಡುತ್ತೇನೆಂದು ಮಗ ಮುಂದೆ ಬಂದ. ತಂಗಿ ಬಿಡಲಿಲ್ಲ, ಹೋಟೆಲಿನ ದುಡ್ಡನ್ನೂ ತೆಗೆಯಲಿಲ್ಲ. ತನ್ನ ಹತ್ತಿರ ಸಣ್ಣ ಡಬ್ಬಿಯಲ್ಲಿದ್ದುದನ್ನು ಎಣಿಸಿ ಕೊಟ್ಟಳು. ಸಾಲಿನಲ್ಲಿ ನಿಂತಿದ್ದಾಗ ಮೊಮ್ಮಗಳು, ‘ಅತ್ತೆಜ್ಜಿಗೆ ಹುಷಾರಿತ್ತು ಅಂತ ನನಗೆ ಗೊತ್ತಿತ್ತಲ್ಲ. ಹಾಗಾದರೆ ನಾನೂ ಅಪ್ಪ ತಿನ್ನಬಹುದಾ?’ ಎಂದು ಕೇಳಿದಳು. ಅವಳ ತಂದೆ ಆ ಕಡೆ ನೋಡುತ್ತಿದ್ದ. ಅಜ್ಜಿ ಉತ್ತರ ಹೇಳದೆ ಒಂದು ಅಪ್ಪ ತೆಗೆದು ಕೈಯಲ್ಲಿಟ್ಟಳು.

ಡೊಂಬಿವಲಿಯ ನಾದಿನಿ ಬಂದಿರಲಿಲ್ಲ. ತಮ್ಮ ಹೆಸರಿನಲ್ಲಿ ಇಲ್ಲದ ಕಾಯಿಲೆ ಹೇಳಲು ಒಪ್ಪಿದ್ದು ಅವರೇ. ಆದರೆ ಹರಕೆಯ ಸುದ್ದಿ ಕೇಳಿದ ಮೇಲೆ ಅವರಿಗೂ ಎಂತದೋ ಅಳುಕು ಹತ್ತಿ, ಮರುವಾರವೇ ಹೋಗಿ ರಕ್ತದೊತ್ತಡ, ಎದೆಯ ಇಸಿಜಿ ಎಲ್ಲ ಮಾಡಿಸಿ ಬಂದರಂತೆ. ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.