ಬೇರೆ ಮಾಡಿದ್ದು ಯಾರು?

ಬಾವಿಯ ಕಪ್ಪೆ ಎಂಬುದು ನಮ್ಮಲ್ಲಿ ಬೈಗುಳ. ತನ್ನ ಸುತ್ತಳತೆಯನ್ನೇ ಲೋಕವೆಂದು ನಂಬಿದವನಿಗೆ ಆ ಹೆಸರು. ಅಮೆರಿಕದ ನೆವಾಡಾದ ಮರುಭೂಮಿಯಲ್ಲಿ ನಿಜವಾಗಿಯೂ ಒಂದೇ ಬಾವಿಯನ್ನು ಲೋಕ ಮಾಡಿಕೊಂಡ ಮೀನೊಂದಿದೆ. ಡೆವಿಲ್ಸ್ ಹೋಲ್ ಎಂಬ ಬಂಡೆಸೀಳಿನ ಹೊಂಡದ ಪಪ್‌ಫಿಶ್ ಅದು. ಉದ್ದ ಒಂದಂಗುಲ, ಆಯಸ್ಸು ಸುಮಾರು ಒಂದು ವರ್ಷ. ನೀರು 33 ಡಿಗ್ರಿಯಷ್ಟು ಬಿಸಿ, ಅದರಲ್ಲಿ ಆಮ್ಲಜನಕ ತೀರ ಕಡಿಮೆ. ಹೊಂಡದ ಆಳವನ್ನು ಯಾರೂ ಪೂರ್ತಿ ಕಂಡಿಲ್ಲ. ಆದರೆ ಮೀನು ಮೇಯುವುದೂ ಮೊಟ್ಟೆಯಿಡುವುದೂ ಅಂಚಿನಲ್ಲಿ ಬಿಸಿಲು ತಾಗುವ ಒಂದು ಪುಟ್ಟ ಕಲ್ಲುಜಗಲಿಯ ಮೇಲೆ.

ಮರುಭೂಮಿಯಲ್ಲಿ ಮೀನು ಎಲ್ಲಿಂದ ಬಂತು? ಹಿಮಯುಗದಲ್ಲಿ ಅಲ್ಲಿ ದೊಡ್ಡ ಕೆರೆಗಳಿದ್ದವು, ಅವನ್ನು ಬೆಸೆಯುವ ಹೊಳೆಗಳಿದ್ದವು. ನೆಲ ಒಣಗುತ್ತ ಬಂದಂತೆ ಮೀನುಗಳು ಅಲ್ಲೊಂದು ಇಲ್ಲೊಂದು ಚಿಲುಮೆಯಲ್ಲಿ ಉಳಿದುಕೊಂಡವು. ಪ್ರತಿ ಚಿಲುಮೆಯ ಸಂತತಿಯೂ ತನ್ನ ದಾರಿ ಹಿಡಿಯಿತು.

1988ರಲ್ಲಿ ಮೆಫೆ ಮತ್ತು ವ್ರೀಯೆನ್‌ಹುಕ್ ಎಂಬ ವಿಜ್ಞಾನಿಗಳು ಮರುಭೂಮಿಯ ಮೀನುಗಳ ವಂಶವಾಹಿ ವೈವಿಧ್ಯಕ್ಕೆ ಎರಡು ಮಾದರಿಗಳನ್ನು ಗುರುತಿಸಿದರು. ಒಂದು ಡೆವಿಲ್ಸ್ ಹೋಲ್ ಸೇರಿರುವ ಡೆತ್ ವ್ಯಾಲಿ ಸೀಮೆಯದು: ಚಿಲುಮೆಗಳ ನಡುವೆ ಸಂಪರ್ಕವೇ ಇಲ್ಲ, ವೈವಿಧ್ಯವಿರುವುದು ಚಿಲುಮೆ ಚಿಲುಮೆಗಳ ನಡುವಣ ವ್ಯತ್ಯಾಸದಲ್ಲಿ. ಇನ್ನೊಂದು ಹೊಳೆಯದು: ಉಪನದಿಗಳು ಕೂಡುತ್ತವೆ, ಮೀನು ಹೋಗಿಬರುತ್ತದೆ, ವೈವಿಧ್ಯ ಆ ಒಡನಾಟದಲ್ಲೇ ಜೀವಂತವಾಗಿರುತ್ತದೆ. ಮೊದಲನೆಯ ಕಡೆ ಬೆರೆಸಿದರೆ ನಷ್ಟ, ಎರಡನೆಯ ಕಡೆ ಬೇರ್ಪಡಿಸಿದರೆ ನಷ್ಟ. ನನಗೆ ಇದು ಬರೀ ಜೀವಶಾಸ್ತ್ರವೆನಿಸುವುದಿಲ್ಲ. ಬೆರೆಯುವುದು ಒಳ್ಳೆಯದೋ ಬೇರೆಯಿರುವುದು ಒಳ್ಳೆಯದೋ ಎಂದು ನಾವು ಸದಾ ಕೇಳುತ್ತೇವೆ. ಆ ಪ್ರಶ್ನೆಯೇ ಅರೆಬರೆ ಎಂದು ಈ ಮೀನುಗಳು ತೋರಿಸುತ್ತವೆ. ಮೊದಲು ಕೇಳಬೇಕಾದದ್ದು, ಬೇರೆ ಮಾಡಿದ್ದು ಯಾರು ಎಂದು.

ಡೆವಿಲ್ಸ್ ಹೋಲ್ ಮೀನನ್ನು ಬೆರೆಸದೆ ಬೇರೆಯಾಗಿಯೇ ಉಳಿಸಬೇಕು ಎಂಬುದಕ್ಕೆ ಎದುರಾಗಿ ನಿಲ್ಲುವ ವಾದ ಸಣ್ಣದಲ್ಲ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಎಂಟು ಡೆವಿಲ್ಸ್ ಹೋಲ್ ಮೀನುಗಳ ಜೀನೋಮ್ ಓದಿತು. ಒಂದೊಂದು ಮೀನಿನಲ್ಲೂ ಜೀನೋಮಿನ ಸರಾಸರಿ ಶೇ. 58 ಭಾಗದಲ್ಲಿ ತಂದೆಯಿಂದ ಬಂದ ಪ್ರತಿಯೂ ತಾಯಿಯಿಂದ ಬಂದ ಪ್ರತಿಯೂ ಒಂದೇ ಆಗಿದ್ದವು. ಒಡಹುಟ್ಟಿದವರೇ ಹಲವು ತಲೆಮಾರು ಕೂಡಿದರೆ ಆಗುವಂಥ ಸ್ಥಿತಿ. ಆಮ್ಲಜನಕದ ಕೊರತೆಯನ್ನು ತಾಳಲು ಬೇಕಾದ ಕೆಲವು ವಂಶವಾಹಿಗಳೇ ಅಳಿಸಿಹೋಗಿದ್ದವು, ಅದೂ ಉಸಿರು ಕಟ್ಟುವ ಆ ನೀರಿನಲ್ಲಿ. ಹಿಂದೆ ಸಾಕುತೊಟ್ಟಿಯೊಂದಕ್ಕೆ ನೆರೆಯ ಚಿಲುಮೆಗಳ ಪಪ್‌ಫಿಶ್ ಹೇಗೋ ನುಗ್ಗಿದಾಗ, ಬೆರಕೆಯ ಮರಿಗಳು ಹುಲುಸಾಗಿ ಬೆಳೆದವು. ಹಾಗಾದರೆ ಹೊಂಡಕ್ಕೂ ನಾಲ್ಕು ಹೊಸ ಮೀನು ಬಿಟ್ಟು ಬದುಕಿಸಬಾರದೇಕೆ? ಸಾಯುತ್ತಿರುವ ಮೀನಿಗೆ ತನ್ನ ಇತಿಹಾಸದ ಚಿಂತೆಯಿಲ್ಲ.

ಶುದ್ಧಿಯ ಮಾತನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಆ ಮಾತು ಮನುಷ್ಯರಿಗೆ ಏನು ಮಾಡಿದೆ ಎಂಬುದನ್ನು ಈ ನೆಲದಲ್ಲಿ ಹುಟ್ಟಿದ ಯಾರೂ ಮರೆಯಬಾರದು. ಆದರೆ ಜಾತಿ ಮನುಷ್ಯ ಕಟ್ಟಿದ ಅಣೆಕಟ್ಟು. ಹರಿಯುತ್ತಿದ್ದುದನ್ನು ಅದು ತಡೆದು ನಿಲ್ಲಿಸಿತು. ಪಪ್‌ಫಿಶ್ಶನ್ನು ಬೇರೆ ಮಾಡಿದ್ದು ಮಳೆ, ಬಿಸಿಲು, ಕಾಲ. ಆ ಕಾಲ ಸಾವಿರಾರು ವರ್ಷವೋ ಕೆಲವೇ ನೂರು ವರ್ಷವೋ ಎಂಬುದರಲ್ಲಿ ವಿಜ್ಞಾನಿಗಳಿಗೆ ಒಮ್ಮತವಿಲ್ಲ. ಎಷ್ಟೇ ಆಗಿರಲಿ, ಯಾರನ್ನೂ ಕೀಳೆನ್ನದೆ ಹುಟ್ಟಿದ ಬೇರೆತನ ಅದು. ಬೆರಕೆಯ ಮೀನು ಕೀಳಲ್ಲ. ಅದು ಇನ್ನೊಂದು ಮೀನು, ಅಷ್ಟೆ. ಅದನ್ನು ಬಿಟ್ಟರೆ ಹೊಂಡದಲ್ಲಿ ಮೀನಿರುತ್ತದೆ, ಆದರೆ ಆ ಹೊಂಡ ರೂಪಿಸಿದ ಮೀನಿರುವುದಿಲ್ಲ.

ಅರಿಜೋನಾದ ಹೀಲಾ ನದಿಯ ಕಥೆ ಇದಕ್ಕೆ ತದ್ವಿರುದ್ಧ. ಟಾಪ್‌ಮಿನೋ ಎಂಬ ಪುಟ್ಟ ಮೀನು ಅಲ್ಲಿ ಒಂದು ಕಾಲಕ್ಕೆ ಎಲ್ಲೆಲ್ಲೂ ಇತ್ತು. ಅಣೆಕಟ್ಟು, ನೀರಾವರಿ, ಹೊರಗಿನಿಂದ ತಂದು ಬಿಟ್ಟ ಸೊಳ್ಳೆಮೀನು ಎಲ್ಲ ಸೇರಿ ಅದನ್ನು ಬಿಡಿ ಬಿಡಿ ಚಿಲುಮೆಗಳಿಗೆ ಅಟ್ಟಿದವು. ಅಲ್ಲಿನ ಒಂಟಿತನ ನಮ್ಮ ಕೈಕೆಲಸ. ನದಿ ಬೆಸೆದಿದ್ದನ್ನು ಮತ್ತೆ ಬೆಸೆಯುವುದು ಅಲ್ಲಿ ನಮ್ಮ ಸಾಲ.

ಡೆವಿಲ್ಸ್ ಹೋಲ್‌ನಲ್ಲಿ ನಾವು ತೀರಿಸಬೇಕಾದ ಸಾಲ ಮೀನಿನದಲ್ಲ, ನೀರಿನದು. 1960ರ ದಶಕದ ಕೊನೆಗೆ ಹತ್ತಿರದ ಜಮೀನುಗಳಲ್ಲಿ ಪಂಪುಗಳು ಅಂತರ್ಜಲ ಎತ್ತತೊಡಗಿದಾಗ ಮಟ್ಟ ಇಳಿದು ಜಗಲಿ ಬಯಲಾಗತೊಡಗಿತು. 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಮೀನಿನ ಪರ ನಿಂತು, ಪಂಪುಗಳಿಗೆ ಮಿತಿ ಹಾಕಿದ್ದನ್ನು ಎತ್ತಿಹಿಡಿಯಿತು. ಯಾವ ವಂಶವಾಹಿ ಚಿಕಿತ್ಸೆಗಿಂತಲೂ ಆ ತೀರ್ಪು ದೊಡ್ಡದು ಎಂದು ನಾನು ನಂಬುತ್ತೇನೆ.

2013ರ ವಸಂತದಲ್ಲಿ ಎಣಿಸಿದಾಗ ಸಿಕ್ಕಿದ್ದು 35 ಮೀನು. 2024ರ ವಸಂತಕ್ಕೆ ಅದು 191ಕ್ಕೇರಿತು. ಆಮೇಲೆ ದೂರದ ಭೂಕಂಪಗಳು ಹೊಂಡದ ನೀರನ್ನು ಕಲಕಿ, ಜಗಲಿಯ ಪಾಚಿಯನ್ನೂ ಮೊಟ್ಟೆಗಳನ್ನೂ ಗುಡಿಸಿಹಾಕಿದವು. 2025ರ ಆರಂಭದಲ್ಲಿ ಕಂಡದ್ದು 38. ಆಗ ಕಾವಲಿನವರು ನೆರೆಯ ಚಿಲುಮೆಯ ಕಡೆಗೆ ಹೋಗಲಿಲ್ಲ. ಅದೇ ಹೊಂಡದ ಮೊಟ್ಟೆಗಳಿಂದ ಬೆಳೆಸಿಟ್ಟ ಸಂತತಿಯಿಂದ 19 ಮೀನುಗಳನ್ನು ತಂದು ನೀರಿಗೆ ಬಿಟ್ಟರು.