ಪಟ್ಟಿಯಲ್ಲಿರುವ ಮೇಷ್ಟ್ರು

ಎಂಜಿನಿಯರಿಂಗ್ ಕಾಲೇಜಿನ ಒಂದು ವಿಭಾಗಕ್ಕೆ ವರ್ಷಕ್ಕೆ 60 ಸೀಟು ಎಂದರೆ ನಾಲ್ಕು ವರ್ಷದ ಮಕ್ಕಳೆಲ್ಲ ಸೇರಿ 240. ಹದಿನೈದು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ ಎಂಬ ಹಳೆಯ ನಿಯಮದಂತೆ ಆ ವಿಭಾಗಕ್ಕೆ 16 ಮಂದಿ ಬೇಕಿತ್ತು. 2018ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಅಂದರೆ ಎಐಸಿಟಿಇ, ಇಪ್ಪತ್ತಕ್ಕೊಬ್ಬರು ಸಾಕು ಎಂದಿತು. ಲೆಕ್ಕ 12ಕ್ಕೆ ಇಳಿಯಿತು. ಲ್ಯಾಬು ಅಷ್ಟೇ ಇತ್ತು, ತಿದ್ದಬೇಕಾದ ಬ್ಲೂಬುಕ್ಕುಗಳೂ ಅಷ್ಟೇ ಇದ್ದವು. ನಿನ್ನೆಯವರೆಗೆ ಬೇಕಾಗಿದ್ದ ನಾಲ್ವರು ಮಾತ್ರ ಇವತ್ತು ಹೆಚ್ಚಾದರು.

ಇದನ್ನು ಖರ್ಚಿನ ಪ್ರಶ್ನೆ ಎಂದು ಬಿಟ್ಟುಬಿಡಬಹುದಿತ್ತು, ಆ 12 ಮಂದಿಯಾದರೂ ತರಗತಿಯಲ್ಲಿ ನಿಜವಾಗಿ ನಿಂತಿದ್ದರೆ. ನಿಯಮ ಇನ್ನೂ ಒಂದು ಮಾತು ಹೇಳುತ್ತದೆ: ಪ್ರಾಧ್ಯಾಪಕ, ಸಹ ಪ್ರಾಧ್ಯಾಪಕ, ಸಹಾಯಕ ಪ್ರಾಧ್ಯಾಪಕರ ಪ್ರಮಾಣ 1:2:6 ಇರಬೇಕು. ಮೇಲಿನ ಎರಡು ಹುದ್ದೆಗೆ ಪಿಎಚ್‌ಡಿ ಬೇಕೇಬೇಕು. ಪಿಎಚ್‌ಡಿ ಮಾಡಿದವರಿಗೆ ಸಂಬಳ ಹೆಚ್ಚು, ಊರ ಹೊರಗಿನ ಕಾಲೇಜಿಗೆ ಅವರು ಬರುವುದೂ ಕಡಿಮೆ. ಹಾಗಾಗಿ ಮನುಷ್ಯನನ್ನು ತರುವುದಕ್ಕಿಂತ ಅವನ ಹೆಸರನ್ನು ತರುವುದು ಅಗ್ಗವಾಯಿತು.

ಇದು ಎಲ್ಲಿಯವರೆಗೆ ಹೋಯಿತು ಎಂಬುದು 2024ರ ಜುಲೈನಲ್ಲಿ ಪಕ್ಕದ ತಮಿಳುನಾಡಿನಲ್ಲಿ ಬಯಲಾಯಿತು. ಅಣ್ಣಾ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ಅಧ್ಯಾಪಕರ ಪಟ್ಟಿಗಳನ್ನು ಅರಪ್ಪೋರ್ ಇಯಕ್ಕಂ ಎಂಬ ಭ್ರಷ್ಟಾಚಾರ ವಿರೋಧಿ ಸಂಘಟನೆ ಒಂದರ ಪಕ್ಕ ಒಂದಿಟ್ಟು ನೋಡಿತು. 353 ಮಂದಿ ಒಂದಕ್ಕಿಂತ ಹೆಚ್ಚು ಕಾಲೇಜುಗಳಲ್ಲಿ ಏಕಕಾಲಕ್ಕೆ ಪೂರ್ಣಾವಧಿ ಅಧ್ಯಾಪಕರಾಗಿದ್ದಾರೆ ಎಂದು ಅದು ಆರೋಪಿಸಿತು. ಆಗಿನ ಕುಲಪತಿಗಳೇ ಸುಮಾರು 2,000 ಹುದ್ದೆಗಳಲ್ಲಿ 189 ಮಂದಿ ಕಾಣಿಸಿಕೊಂಡಿದ್ದಾರೆಂದು ಒಪ್ಪಿಕೊಂಡರು. ಸರಾಸರಿ ತೆಗೆದರೆ ತಲೆಗೆ ಹತ್ತು ಕಾಲೇಜು. ಪರಕಾಯ ಪ್ರವೇಶವನ್ನು ನಂಬದ ನಮ್ಮಂಥವರಿಗೆ ಇದು ಸ್ವಲ್ಪ ಕಷ್ಟದ ಸಂಗತಿ.

ತಮಿಳುನಾಡಿನ ಹೆಸರು ಹೇಳಿ ನಾವು ನಿರಾಳವಾಗುವಂತಿಲ್ಲ. 'ಎಲ್‌ಐಸಿ ಬರ್ತಿದೆ' ಎಂಬ ಮಾತು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೆಲಸ ಮಾಡಿದ ಎಲ್ಲರ ಕಿವಿಗೂ ಬಿದ್ದಿರುತ್ತದೆ. ಇದು ಜೀವವಿಮೆಯಲ್ಲ, ಸಂಯೋಜನೆಯನ್ನು ಮುಂದುವರಿಸುವ ಮೊದಲು ವಿಶ್ವವಿದ್ಯಾಲಯ ಕಳಿಸುವ ಪರಿಶೀಲನಾ ಸಮಿತಿ. ಆ ದಿನ ಕಾರಿಡಾರಿನಲ್ಲಿ ಹೊಸ ಮುಖಗಳು ಓಡಾಡುವುದನ್ನು ನೋಡಿದವರಿದ್ದಾರೆ. ಕೋಟು ಹಾಕಿಕೊಂಡು ಬಂದವರಿಗೆ ಸ್ಟಾಫ್ ರೂಮು ಎಲ್ಲಿದೆ ಎಂದು ಅಟೆಂಡರ್ ತೋರಿಸಬೇಕಾಗುತ್ತದೆ. ಬಾಗಿಲಿನ ನಾಮಫಲಕದ ಅಂಟು ಇನ್ನೂ ಒಣಗಿರುವುದಿಲ್ಲ. ಎಲ್ಲ ಕಾಲೇಜೂ ಹೀಗೆಂದು ನಾನು ಹೇಳುವುದಿಲ್ಲ. ಹೀಗಿರುವ ಕಾಲೇಜು ಯಾವುದು ಎಂದು ಆಯಾ ಊರಿನ ಆಟೋದವರಿಗೂ ಗೊತ್ತಿರುತ್ತದೆ ಎಂದಷ್ಟೇ ಹೇಳುತ್ತೇನೆ.

ಬಾಡಿಗೆಯ ಹೆಸರಿನ ಕಥೆ ಹಾಗಿರಲಿ, ನಿಜವಾಗಿ ಪಾಠ ಮಾಡಲು ಬರುವ ಹುಡುಗನ ಪಾಡೇನು? ಎಂ.ಟೆಕ್ ಮುಗಿಸಿದ ಇಪ್ಪತ್ತಾರು ವರ್ಷದವನೊಬ್ಬ ಸಂದರ್ಶನಕ್ಕೆ ಬಂದಿದ್ದಾನೆ ಎನ್ನಿ. ಬಿಳಿ ಬೋರ್ಡಿನ ಮುಂದೆ ಐದು ನಿಮಿಷದ 'ಡೆಮೊ'. ಅವನು ಬೆಂಡಿಂಗ್ ಮೊಮೆಂಟ್ ರೇಖಾಚಿತ್ರ ಬರೆಯುತ್ತಿರುವಾಗ ಟ್ರಸ್ಟಿನ ಕಾರ್ಯದರ್ಶಿ ಫೋನ್ ನೋಡುತ್ತಿರುತ್ತಾರೆ. ವಿಷಯ ತಜ್ಞರು ಒಂದು ಪ್ರಶ್ನೆ ಕೇಳುತ್ತಾರೆ, ಅವನು ಚೆನ್ನಾಗಿಯೇ ಉತ್ತರಿಸುತ್ತಾನೆ. ಆಮೇಲೆ ನಿಜವಾದ ಸಂದರ್ಶನ ಶುರು.

"ಊರು ಯಾವುದು?"

"ಹಿರಿಯೂರ ಹತ್ರ ಸರ್."

"ಯಾರ ಪೈಕಿ ನೀವು?"

ಅವನು ಹೇಳುತ್ತಾನೆ, ಅಥವಾ ಹೇಳದೆ ತಲೆ ತಗ್ಗಿಸುತ್ತಾನೆ. "ಆಯ್ತು. ನಿಮ್ ಕಡೆ ಪಿಯು ಕಾಲೇಜು ಜಾಸ್ತಿ ಅಲ್ವಾ? ಎಷ್ಟು ಅಡ್ಮಿಷನ್ ತರ್ತೀರಿ?"

ಈ ಕೊನೆಯ ಪ್ರಶ್ನೆ ಹಾಸ್ಯವಲ್ಲ. ಸೀಟು ತುಂಬದ ಕಾಲೇಜುಗಳಲ್ಲಿ ಏಪ್ರಿಲ್-ಮೇ ಬಂದರೆ ಅಧ್ಯಾಪಕರು ಕರಪತ್ರ ಹಿಡಿದು ಪಿಯು ಕಾಲೇಜುಗಳ ಗೇಟಿನಲ್ಲಿ ನಿಲ್ಲುತ್ತಾರೆ. ಪಾಠ ಮಾಡಲೆಂದು ನೇಮಿಸಿದವನಿಗೆ ಗುರಿ ನಿಗದಿಯಾಗಿರುವುದು ತಲೆಗಳ ಲೆಕ್ಕದಲ್ಲಿ.

ಸಂಬಳದ ವಿಷಯ ಇನ್ನೊಂದು. ಎಐಸಿಟಿಇಯ 2019ರ ವೇತನ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕನ ಆರಂಭದ ಮೂಲವೇತನ ತಿಂಗಳಿಗೆ 57,700 ರೂಪಾಯಿ. ಸಣ್ಣ ಊರಿನ ಖಾಸಗಿ ಕಾಲೇಜಿನಲ್ಲಿ ಅದರ ಅರ್ಧ ಕೈಗೆ ಬಂದರೆ ಅದೃಷ್ಟ. ಕೆಲವು ಕಡೆ ದಾಖಲೆಗೆಂದು ಪೂರ್ತಿ ಸಂಬಳ ಬ್ಯಾಂಕಿಗೆ ಹಾಕಿ, ವಾರದೊಳಗೆ ಒಂದು ಭಾಗವನ್ನು ನಗದಾಗಿ ವಾಪಸು ಪಡೆಯುವ ಪದ್ಧತಿಯೂ ಇದೆ. ಮೂಲ ಅಂಕಪಟ್ಟಿಗಳು ಆಫೀಸಿನ ಬೀರುವಿನಲ್ಲಿರುವುದರಿಂದ ಯಾರೂ ತುಟಿ ಬಿಚ್ಚುವುದಿಲ್ಲ. ನನಗೆ ಇಲ್ಲಿ ಹಣಕ್ಕಿಂತ ಹೆಚ್ಚು ಕಾಡುವುದು ಆ ತರುಣನ ಸಹಿ. ಮೊದಲ ತಿಂಗಳೇ ಅವನು ತಾನು ಪಡೆಯದ ಹಣಕ್ಕೆ ಪಡೆದೆನೆಂದು ರುಜು ಹಾಕುತ್ತಾನೆ. ಅದೇ ಮಧ್ಯಾಹ್ನ ಲ್ಯಾಬಿಗೆ ಹೋಗಿ, ಪ್ರಯೋಗ ಮಾಡದೆಯೇ ರೀಡಿಂಗ್ ಬರೆದ ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕವನ್ನು ಅವನು ಯಾವ ಮುಖದಿಂದ ಹಿಂದಕ್ಕೆ ಎಸೆಯಬೇಕು? ಎಸೆಯುವುದಿಲ್ಲ, ಸಹಿ ಹಾಕಿಕೊಡುತ್ತಾನೆ. ಕಾಂಕ್ರೀಟ್ ಘನ ಎಷ್ಟು ಭಾರಕ್ಕೆ ಒಡೆಯಿತೆಂದು ಒಡೆಯದೆಯೇ ಬರೆಯುವ ಅಭ್ಯಾಸ ಅಲ್ಲಿಂದ ನಿರ್ಮಾಣದ ಜಾಗಕ್ಕೂ ಹೋಗುತ್ತದೆ. ಅಲ್ಲಿ ತಪ್ಪಿಗೆ ಬೆಲೆ ತೆರುವವರು ಬೇರೆಯವರು.

ಸರಿ, ಇದು ದುಡ್ಡಿನ ಆಸೆ, ಕಾನೂನು ಬಿಗಿಯಾದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಕಾನೂನಿಗೇನು ಕೊರತೆ? ಅಂಕಗಳ ಮೇಲೆ ಅಂಕ, ನಮೂನೆಗಳ ಮೇಲೆ ನಮೂನೆ. ಸ್ಕೋಪಸ್‌ನಲ್ಲಿ ಎಷ್ಟು ಪ್ರಬಂಧ, ಎಷ್ಟು ಎಫ್‌ಡಿಪಿ ಎಂಬ ಅಧ್ಯಾಪಕರ ತರಬೇತಿ, ಎಷ್ಟು ಪ್ರಮಾಣಪತ್ರ. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪುವ ವಾಷಿಂಗ್ಟನ್ ಒಪ್ಪಂದಕ್ಕೆ 2014ರಲ್ಲಿ ಭಾರತ ಕಾಯಂ ಸದಸ್ಯನಾದ ಮೇಲೆ, ರಾಷ್ಟ್ರೀಯ ಮಾನ್ಯತಾ ಮಂಡಳಿಯ (ಎನ್‌ಬಿಎ) ಮಾನ್ಯತೆಗಾಗಿ ಪ್ರತಿ ವಿಷಯದ ಕಲಿಕೆಯ ಫಲವನ್ನು ಇಡೀ ಪದವಿಯ ಫಲಕ್ಕೆ ತಾಳೆ ಹಾಕುವ ಸಿಒ-ಪಿಒ ಕೋಷ್ಟಕ ತುಂಬುವುದೇ ಒಂದು ಉದ್ಯೋಗವಾಗಿದೆ. ಕಲಿಕೆಯ ಫಲವನ್ನು ಅಳೆಯಬೇಕೆಂಬ ಆಶಯ ಒಳ್ಳೆಯದೇ. ಆದರೆ ಮೊದಲು ಬೇಕಾದ ಉತ್ತರ ಬರೆದುಕೊಂಡು ಆಮೇಲೆ ಅಂಕಿ ಹೊಂದಿಸುವುದನ್ನು ಅಳತೆ ಎನ್ನಲಾಗದು. ಜಾತಕ ಕೂಡಿಸಿ ಮದುವೆ ಮಾಡುವವರನ್ನು ಕಂಡು ನಗುವ ನಾವು, ಹುಡುಗ-ಹುಡುಗಿ ಮಾತಾಡಿದ್ದಾರೆಯೇ ಎಂದು ಕೇಳುತ್ತೇವೆ. ಆಯ್ಕೆ ಸಮಿತಿಯೂ ಮೂವತ್ತಾರು ಗುಣ ಕೂಡಿಸುತ್ತದೆ, ಇವನು ಪಾಠ ಮಾಡಿದರೆ ಮಕ್ಕಳಿಗೆ ಅರ್ಥವಾಗುತ್ತದೆಯೇ ಎಂದು ಮಾತ್ರ ನೋಡುವುದಿಲ್ಲ.

ಯೋಗ್ಯನನ್ನು ಗುರುತಿಸದೆ ಕಳೆದುಕೊಂಡ ಕಥೆ ಬೆಂಗಳೂರಿಗೆ ಹೊಸದಲ್ಲ. ನಾಜಿಗಳ ಕಾರಣದಿಂದ ಗಟಿಂಗೆನ್ನಿನ ಹುದ್ದೆ ಕಳೆದುಕೊಂಡಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1935ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಬಂದಿದ್ದರು. ಆಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಅವರನ್ನು ಇಲ್ಲೇ ಉಳಿಸಿಕೊಳ್ಳಲು ಹವಣಿಸಿದರು. ಆ ಪ್ರಸ್ತಾಪ ಬಂದ ಸಭೆಯಲ್ಲಿ ಎಲೆಕ್ಟ್ರಿಕಲ್ ವಿಭಾಗದ ಪ್ರಾಧ್ಯಾಪಕ ಆಸ್ಟನ್ ಎದ್ದು ನಿಂತು, ತನ್ನ ದೇಶದಿಂದಲೇ ಓಡಿಸಿಕೊಂಡು ಬಂದ ಎರಡನೇ ದರ್ಜೆಯ ಪರದೇಶಿ ನಮಗೆ ಬೇಡ ಎಂಬರ್ಥದಲ್ಲಿ ಮಾತಾಡಿದರು. ಬಾರ್ನ್ ಅದೇ ಸಭೆಯಲ್ಲಿ ಕುಳಿತಿದ್ದರು. ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತುಬಿಟ್ಟೆನೆಂದು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 1936ರಲ್ಲಿ ಎಡಿನ್‌ಬರೊ ಅವರಿಗೆ ಪೀಠ ಕೊಟ್ಟಿತು. 1954ರಲ್ಲಿ ನೊಬೆಲ್ ಬಂತು, ಅದೂ 1926ರಲ್ಲೇ ಪ್ರಕಟವಾಗಿದ್ದ ಕೆಲಸಕ್ಕೆ. ಬೇಕಾದವರು ಅಂದೇ ತೆರೆದು ಓದಬಹುದಾಗಿದ್ದ ಕೆಲಸ ಅದು. ರಾಮನ್ ಸಂಸ್ಥೆಯ ಹಣವನ್ನೆಲ್ಲ ಭೌತವಿಜ್ಞಾನಕ್ಕೇ ಸುರಿಯುತ್ತಿದ್ದಾರೆಂಬ ಸಿಟ್ಟು ಉಳಿದ ವಿಭಾಗಗಳಲ್ಲಿತ್ತು, ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಆದರೂ ಆಸ್ಟನ್ ತೂಗಿದ್ದು ಬಾರ್ನರ ಕೆಲಸವನ್ನಲ್ಲ, ಅವರು ಎಲ್ಲಿಂದ ಬಂದವರು ಎಂಬುದನ್ನು. ಯಾರ ಪೈಕಿ ಎಂಬ ಪ್ರಶ್ನೆಯೇ ಅದು, ಇಂಗ್ಲಿಷಿನಲ್ಲಿ ಕೇಳಿದ್ದು.

ನಮ್ಮ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಯಾರ ಹೆಸರಿದೆಯೋ ಅವರೂ ನೇಮಕಾತಿಯ ಪ್ರಶ್ನೆಯಲ್ಲಿ ದೊಡ್ಡ ನಿಲುವು ತಳೆದವರು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದವರ ಪಾಲಿನ ಬಗ್ಗೆ ಮಿಲ್ಲರ್ ಸಮಿತಿ ನೇಮಿಸಿದಾಗ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಯೋಗ್ಯತೆಗೆ ಕುಂದು ಬರುತ್ತದೆಂಬುದು ಅವರ ವಾದ, ದಿವಾನಗಿರಿ ಬಿಟ್ಟದ್ದಕ್ಕೆ ಅದೊಂದು ಮುಖ್ಯ ಕಾರಣ. ಅವರ ಪ್ರಾಮಾಣಿಕತೆಗೆ ಕೈ ಮುಗಿಯುತ್ತೇನೆ, ವಾದವನ್ನು ಒಪ್ಪುವುದಿಲ್ಲ. ಮೊದಲು ಶಾಲೆಯ ಮೆಟ್ಟಿಲು ಹತ್ತಿದವರ ಅಂಕವನ್ನು, ಈಗಷ್ಟೇ ಹತ್ತಿದವರ ಅಂಕದ ಪಕ್ಕ ಇಟ್ಟು ಇದೇ ಯೋಗ್ಯತೆ ಎನ್ನುವುದು ವೈಜ್ಞಾನಿಕ ಅಳತೆಯಲ್ಲ. ಶತಮಾನ ಕಳೆದ ಮೇಲೂ ಮೀಸಲಾತಿಯ ಮಾತು ಬಂದರೆ 'ಮೆರಿಟ್' ಎಂದು ಕೂಗುವ ನಾಲಿಗೆಗಳು, ಅನುದಾನರಹಿತ ಕಾಲೇಜಿನಲ್ಲಿ ಅಧ್ಯಕ್ಷರ ಸೋದರಳಿಯ ವಿಭಾಗದ ಮುಖ್ಯಸ್ಥನಾದಾಗ ಒಣಗುತ್ತವೆ. ಸರ್ಕಾರ ತಲುಪದ ಊರುಗಳಲ್ಲಿ ಸಮುದಾಯದ ಸಂಸ್ಥೆಗಳು ಜನರ ದೇಣಿಗೆಯಿಂದ ಕಾಲೇಜು ಕಟ್ಟಿದ ಋಣ ದೊಡ್ಡದು, ಅದನ್ನು ಮರೆಯಬಾರದು. ಕಟ್ಟಿದವರ ಋಣ ಒಳಗೆ ಕೂತವರ ಕುರ್ಚಿಯಾಗಿ ತೀರಬೇಕೆಂದು ಎಲ್ಲಿಯೂ ಬರೆದಿಲ್ಲ.

ಈಗಿನ ಹೊಸ ತೊಂದರೆ ಬೇರೆ. ಸೀಟುಗಳ ಮೇಲಿದ್ದ ಮಿತಿಯನ್ನು 2024-25ರಿಂದ ಎಐಸಿಟಿಇ ಸಡಿಲಿಸಿದ ಮೇಲೆ ಕಂಪ್ಯೂಟರ್ ಸೈನ್ಸ್ ಮತ್ತು ಅದರ ಹತ್ತಾರು ಮರಿಗಳು ಉಬ್ಬುತ್ತಿವೆ, ಮೆಕ್ಯಾನಿಕಲ್, ಸಿವಿಲ್ ಬತ್ತುತ್ತಿವೆ. ಲೇತ್ ಮುಂದೆ ಇಪ್ಪತ್ತು ವರ್ಷ ಕಳೆದ ಮೇಷ್ಟ್ರು ಎರಡು ವಾರದ ಎಫ್‌ಡಿಪಿ ಮುಗಿಸಿ ಮೆಷಿನ್ ಲರ್ನಿಂಗ್ ಹೇಳಿಕೊಡುತ್ತಾರೆ, ಇಲ್ಲವೇ ಮನೆಗೆ ಹೋಗುತ್ತಾರೆ. ಐವತ್ತರ ವಯಸ್ಸಿನಲ್ಲಿ ರಾತ್ರಿ ಕುಳಿತು ಪೈಥಾನ್ ಕಲಿತು ಬೆಳಿಗ್ಗೆ ಪಾಠ ಮಾಡುವವರನ್ನು ಗೇಲಿ ಮಾಡಲು ನನಗೆ ಮನಸ್ಸಿಲ್ಲ. ಗೇಲಿ ಮಾಡಬೇಕಾದ್ದು, ಬೋಧಿಸುವವರು ಎಲ್ಲಿದ್ದಾರೆಂದು ಕೇಳದೆ ಸೀಟು ಮಂಜೂರು ಮಾಡುವವರನ್ನು.

ಮಾಡಬಹುದಾದ ಕೆಲಸ ಕಷ್ಟದ್ದೇನಲ್ಲ. ಡೆಮೊ ಪಾಠ ಕಾರ್ಯದರ್ಶಿಯ ಕೊಠಡಿಯಲ್ಲಲ್ಲ, ತರಗತಿಯಲ್ಲಿ, ವಿದ್ಯಾರ್ಥಿಗಳ ಮುಂದೆ, ಪೂರ್ತಿ ಒಂದು ಗಂಟೆ ನಡೆಯಲಿ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುವುದು ಶಿಕ್ಷಾರ್ಹವಾಗಲಿ. ಕಾಲೇಜು ಎಐಸಿಟಿಇಗೆ ಕಳಿಸುವ ಅಧ್ಯಾಪಕರ ಪಟ್ಟಿಯನ್ನು, ಯಾರಿಗೆ ಯಾವ ಪಾಠ, ಯಾವ ಪೀರಿಯಡ್ ಎಂಬ ವಿವರದೊಂದಿಗೆ ಪ್ರತಿ ಸೆಮಿಸ್ಟರ್ ಕಾಲೇಜಿನ ನೋಟಿಸ್ ಬೋರ್ಡಿಗೇ ಹಚ್ಚಲಿ. ಅದರಲ್ಲಿ ಯಾವ ಹೆಸರಿನವರು ಮೂರು ವರ್ಷದಲ್ಲಿ ಒಮ್ಮೆಯೂ ತರಗತಿಗೆ ಬಂದಿಲ್ಲ ಎಂದು ಆರನೇ ಸೆಮಿಸ್ಟರಿನ ಯಾವ ಹುಡುಗಿಯಾದರೂ ಬೆರಳಿಟ್ಟು ತೋರಿಸುತ್ತಾಳೆ. ಅವಳನ್ನು ಕೇಳಲು ಪರಿಶೀಲನಾ ಸಮಿತಿಗೆ ವಾಹನ ಭತ್ಯೆಯೂ ಬೇಕಿಲ್ಲ.